ನೀಲಿ ತೊಟ್ಟಿಯ ಅಸ್ತರು

ಹರಪನಹಳ್ಳಿ
೭-೯-೨೦೦೩

ತಮ್ಮ ಕರಿಸಿದ್ದಪ್ಪನಿಗೆ,

ಕ್ಷೇಮ ಕೇಳಿ ಕಾಗದ ಶುರು ಮಾಡುವ ಧೈರ್ಯ ಈ ಸಲ ಇಲ್ಲ. ನಿನ್ನ ಅಂಗಳದಿಂದ ಎದ್ದು ಬಂದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ನನ್ನ ಅಕ್ಷರ ನೋಡಿಯೂ ಹರಿದು ಹಾಕದೆ ಇಲ್ಲಿಯತನಕ ಓದಿದ್ದರೆ ಉಳಿದದ್ದನ್ನೂ ಓದು. ಕೆಲಸದ ಮಾತು, ಬೇರೇನೂ ಅಲ್ಲ.

ನಮ್ಮ ಹಾಸ್ಟೆಲಿನ ಹಿತ್ತಲಿನಲ್ಲಿರುವ ನೀಲಿ ತೊಟ್ಟಿ ಸೋರುತ್ತಿದೆ. ನೀನು ಅದನ್ನು ಗೇಟಿನ ಹತ್ತಿರ ನಿಂತು ದೂರದಿಂದ ಮಾತ್ರ ನೋಡಿದ್ದೀಯ. ನೆಲದ ಮೇಲೆ ನಿಲ್ಲಿಸಿದ ದುಂಡನೆಯ ತಗಡಿನ ಗೋಡೆ, ನನ್ನ ಎದೆಯ ಮಟ್ಟ. ತಗಡು ಬರೀ ಆಸರೆ. ನೀರು ಹಿಡಿಯುವುದು ಒಳಗೆ ಹಾಸಿದ ನೀಲಿ ಪ್ಲಾಸ್ಟಿಕ್ಕು. ಪೋಲಿಯೋ ಮಕ್ಕಳಿಗೆ ನೀರಿನಲ್ಲಿ ವ್ಯಾಯಾಮ ಮಾಡಿಸಲು ವಾರಕ್ಕೊಮ್ಮೆ ದಾವಣಗೆರೆಯಿಂದ ಬರುವ ಡಾಕ್ಟರಮ್ಮ ಅದಕ್ಕೆ ಲೈನರ್ ಅನ್ನುತ್ತಾರೆ. ನಾನು ಅಸ್ತರು ಅನ್ನುತ್ತೇನೆ, ನೀನು ಲಾರಿ ಸೀಟಿನ ಒಳಬಟ್ಟೆಗೆ ಅನ್ನುವ ಹಾಗೆ.

ತೂತು ಬಿದ್ದದ್ದು ನಮ್ಮಿಂದಲೇ. ಬೇಸಿಗೆಯಲ್ಲಿ ಖಾಲಿ ಇಟ್ಟಿದ್ದ ತೊಟ್ಟಿಯನ್ನು ಜುಲೈಯಲ್ಲಿ ಟ್ಯಾಂಕರ್ ನೀರು ತರಿಸಿ ತುಂಬಿದರು. ಹೊಸ ನೀರು ಬಂದ ಮೇಲೆ ಗಂಗಮ್ಮನಿಗೆ ಪೂಜೆ ಮಾಡದೆ ಮಕ್ಕಳನ್ನು ಇಳಿಸುವುದು ಹೇಗೆ? ಆ ದಿನ ಮಕ್ಕಳ ತಾಯಂದಿರೂ ಬಂದಿದ್ದರು. ಊರ ಬಾವಿಗೆ ಮಾಡುವ ಹಾಗೆಯೇ ಮಾಡಿದೆವು. ಅರಿಸಿನ, ಕುಂಕುಮ, ಕುಪ್ಪಸದ ಕಣ, ಎಲೆ ಅಡಿಕೆ. ಉಡಿ ತುಂಬಿದ ಮೇಲೆ ಒಬ್ಬೊಬ್ಬರೂ ಹಸಿರು ಗಾಜಿನ ಬಳೆಗಳನ್ನು ನೀರಿಗೆ ಬಿಟ್ಟರು. ನಾನೂ ಎರಡು ಬಿಟ್ಟೆ. ಯಾರ ಹೆಸರಿನಲ್ಲಿ ಎಂದು ಬರೆಯುವುದು ಬೇಡ. ಬಾವಿಯಾಗಿದ್ದರೆ ತಳದ ಕೆಸರು ಬಳೆಗಳನ್ನು ನುಂಗಿಕೊಳ್ಳುತ್ತಿತ್ತು. ಇಲ್ಲಿ ತಳ ಎಂದರೆ ಪ್ಲಾಸ್ಟಿಕ್ಕು. ಮಕ್ಕಳು ಕಾಲೂರಿದಾಗ ಬಳೆ ಒಡೆದು ಚೂರುಗಳು ಅಸ್ತರಿಗೆ ಚುಚ್ಚಿಕೊಂಡವು. ಒಂದು ಮಗುವಿನ ಅಂಗಾಲು ಕುಯ್ದುಹೋದ ಮೇಲೆ ನಮಗೆ ಬುದ್ಧಿ ಬಂತು.

ಪಂಕ್ಚರ್ ಅಂಗಡಿಯ ಹುಲುಗಣ್ಣನನ್ನು ಕರೆಸಿದೆವು. ಗೋಡೆಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಒಂದು ಸೀಳಿಗೆ ಅವನು ಸೈಕಲ್ ಟ್ಯೂಬಿನ ತುಂಡು ಇಟ್ಟು ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದ. ಎರಡು ದಿನಕ್ಕೆ ತೇಪೆ ನೀರಿನ ಮೇಲೆ ತೇಲುತ್ತಿತ್ತು. "ಲಾರಿ ಟ್ಯೂಬು ನನ್ನ ಮಾತು ಕೇಳ್ತೈತಿ ಯಕ್ಕಾ, ಈ ಫಾರಿನ್ ಪ್ಲಾಸ್ಟಿಕ್ಕಿಗೆ ಕನ್ನಡ ತಿಳಿಯಂಗಿಲ್ಲ" ಎಂದು ಹೇಳಿ ಹೋದ.

ನೀರು ದಿನಾ ಇಳಿಯುತ್ತಿದೆ. ಬೋರಿನಿಂದ ಒಂದಿಷ್ಟು ಬಿಟ್ಟು ಸರಿದೂಗಿಸುತ್ತಿದ್ದೇವೆ. ಕಾರ್ಯದರ್ಶಿ ನಾಗೇಂದ್ರಪ್ಪನವರು ಕೆಟ್ಟವರಲ್ಲ, ಬೇಸತ್ತಿದ್ದಾರೆ. ಕುಡಿಯುವ ನೀರಿಗೇ ತತ್ವಾರ ಇರುವಾಗ ಇನ್ನೊಮ್ಮೆ ತೊಟ್ಟಿ ತುಂಬಿಸಲು ಆಗುವುದಿಲ್ಲ, ಈ ವರ್ಷ ಮುಗಿಯುವುದರೊಳಗೆ ಸೋರುವುದು ನಿಲ್ಲದಿದ್ದರೆ ತಗಡು ಬಿಚ್ಚಿ ಗುಜರಿಗೆ ಹಾಕುತ್ತೇನೆ ಎಂದಿದ್ದಾರೆ.

ಜೂನಿನಲ್ಲಿ ಇಲ್ಲೇ ನಮ್ಮ ತಾಲ್ಲೂಕಿನ ಅರಸೀಕೆರೆಯಿಂದ ಸುಜಾತಾ ಎಂಬ ಹುಡುಗಿ ಬಂದಿದ್ದಾಳೆ. ಏಳು ವರ್ಷ. ನೆಲದ ಮೇಲೆ ತೆವಳುತ್ತಾಳೆ. ಹೋದ ತಿಂಗಳು ನೀರಿನಲ್ಲಿ ಗೋಡೆ ಬಿಟ್ಟು ನಿಂತಳು. ನಿಂತು, ಸುತ್ತ ನೋಡಿ, ಯಾರೂ ತನ್ನನ್ನು ಹಿಡಿದಿಲ್ಲ ಎಂದು ಗೊತ್ತಾದ ಕೂಡಲೇ ಹೆದರಿ ಮತ್ತೆ ಗೋಡೆ ಹಿಡಿದಳು. ತೊಟ್ಟಿ ಹೋದರೆ ಅವಳು ಮತ್ತೆ ನೆಲಕ್ಕೆ.

ತಾಡಪಾಲು, ರೆಕ್ಸಿನ್ನು, ಪ್ಲಾಸ್ಟಿಕ್ಕು ನಿನ್ನ ಕೈಗೆ ಬಗ್ಗುವ ಹಾಗೆ ಈ ಕಡೆ ಯಾರ ಕೈಗೂ ಬಗ್ಗುವುದಿಲ್ಲ. ಒಂದು ದಿನದ ಕೆಲಸ. ಬಾ ಎನ್ನುವುದಕ್ಕೆ ನನಗೆ ಮುಖವಿಲ್ಲ. ಆದರೂ ಬಾ.

ಅಂಗಳದಲ್ಲಿ ನೀನು ಆಡಿದ ಮಾತಿಗೆ ನಾನು ಅಂದು ಉತ್ತರ ಕೊಡಲಿಲ್ಲ. ಇದೂ ಅದರ ಉತ್ತರವಲ್ಲ.

ಪಕ್ಕೀರಮ್ಮನನ್ನು ಕೇಳಿದೆನೆಂದು ಹೇಳು.

ನಿನ್ನ ಅಕ್ಕ,
ಅಂಜಿನಕ್ಕ


ಕೂಡ್ಲಿಗಿ
೨೬-೯-೨೦೦೩

ಅಕ್ಕ,

ಕಾಗದ ಮುಟ್ಟಿತು. ಪಕ್ಕೀರಮ್ಮನಿಗೆ ಓದಿ ಹೇಳಲಿಲ್ಲ.

ಯಾವ ಬಾಯಿಂದ ನೀನು ನನ್ನನ್ನು ಆ ತೊಟ್ಟಿಯ ಕೆಲಸಕ್ಕೆ ಕರೆದೆಯೋ ತಿಳಿಯದು. ಅಲ್ಲಿ ಅಡುಗೆಗೆ ನಾನೇ ಇದ್ದೇನೆ, ಮಗುವಿನ ಚಿಂತೆ ಬಿಡಿ, ಕಾಲಿಗೆ ಬಲ ಬರುತ್ತದೆ ಎಂದು ಹೇಳಿ ರೋಜಾಳನ್ನು ಕರೆದುಕೊಂಡು ಹೋದವಳು ನೀನು. ಹೋದ ವರ್ಷ ಚಳಿಗಾಲದಲ್ಲಿ ನನ್ನ, ಪಕ್ಕೀರಮ್ಮನ ಒಬ್ಬಳೇ ಮಗಳನ್ನು ಆ ನೀರಿಗೆ ಇಳಿಸಿದೆ. ಸಂಜೆಗೆ ಜ್ವರ ಬಂತು. ಛಟ್ಟಿ ಅಮಾವಾಸ್ಯೆಯ ಮರುದಿನ ಅವಳನ್ನು ದಾವಣಗೆರೆಯಿಂದ ಬಟ್ಟೆ ಸುತ್ತಿ ತಂದೆವು. ಮೆದುಳು ಜ್ವರ, ನೀರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಅವರು ಆ ನೀರನ್ನು ಮುಟ್ಟಿ ನೋಡಿದವರಲ್ಲ. ತಣ್ಣೀರಿನಲ್ಲಿ ನಿಲ್ಲಿಸಿ ನೀನೇ ಕೊಂದೆ ಎಂದು ನಾನು ಅಂಗಳದಲ್ಲಿ ಜನರ ಮುಂದೆ ಅಂದೆ. ಜನರ ಮುಂದೆ ಅನ್ನಬಾರದಿತ್ತು, ಅಷ್ಟೆ.

ಸೋರಿದರೆ ಸೋರಲಿ. ಗುಜರಿಗೆ ಹೋಗುವುದಾದರೆ ಹೋಗಲಿ. ನಾನು ಬರುವುದಿಲ್ಲ.

ಹುಲುಗಣ್ಣನಿಗೆ ಒಂದು ಮಾತು ಹೇಳು. ರಬ್ಬರಿನ ಸೊಲ್ಯೂಷನ್ ಆ ಜಾತಿಯ ಪ್ಲಾಸ್ಟಿಕ್ಕಿಗೆ ಕಚ್ಚುವುದಿಲ್ಲ. ಟ್ಯೂಬು ಉಜ್ಜುವ ಹಾಗೆ ಅದನ್ನು ಅರದಿಂದ ಉಜ್ಜಿದರೆ ಇರುವ ಅಸ್ತರೂ ತೆಳ್ಳಗಾಗಿ ಪಕ್ಕದಲ್ಲೇ ಬಿಟ್ಟುಕೊಳ್ಳುತ್ತದೆ. ಉಜ್ಜುವುದು ಬೇಡ.

ಕರಿಸಿದ್ದಪ್ಪ


ಹರಪನಹಳ್ಳಿ
೧೩-೧೦-೨೦೦೩

ತಮ್ಮ,

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಹುಲುಗಣ್ಣನಿಗೆ ಓದಿ ಹೇಳಿದೆ. ಅಷ್ಟರಲ್ಲಿ ಅವನು ಇನ್ನೊಂದು ಸಲ ಉಜ್ಜಿ ಆಗಿತ್ತು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ನಿಮ್ಮ ತಮ್ಮ ಕೂಡ್ಲಿಗ್ಯಾಗ ಕುಂತು ನನ್ನ ಅರ ನೋಡ್ಯಾನಲ್ಲ" ಎಂದ. ಆ ಮೇಲೆ ತೊಟ್ಟಿಯ ತಂಟೆಗೆ ಬಂದಿಲ್ಲ.

ಮೊದಲಿನ ಸಾಲುಗಳನ್ನು ಯಾರಿಗೂ ಓದಿ ಹೇಳಲಿಲ್ಲ. ನಾನೇ ಓದಿಕೊಂಡೆ. ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಕರೆದುಕೊಂಡು ಬಂದವಳು ನಾನೇ, ಇಳಿಸಿದವಳೂ ನಾನೇ.

ಈಚೆಗೆ ಮೈಯಲ್ಲಿ ಕಸುವಿಲ್ಲ. ಬೆಳಗಾಗುವ ಮುಂಚೆ ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತರೆ ಕೈ ತಾನೇ ಬಡಿಯುತ್ತದೆ, ನಾನು ಎಲ್ಲೋ ಇರುತ್ತೇನೆ. ಮಕ್ಕಳಿಗೆ ಬಡಿಸುವಾಗ ಒಂದು ತಟ್ಟೆ ಹೆಚ್ಚಿಗೆ ತೆಗೆಯುವ ರೂಢಿ ಇನ್ನೂ ಬಿಟ್ಟಿಲ್ಲ. ತೆಗೆದದ್ದನ್ನು ಯಾರಿಗೂ ಕಾಣದ ಹಾಗೆ ತಿರುಗಿ ಇಡುತ್ತೇನೆ.

ನೀರು ಈಗ ಸುಜಾತಾಳ ಸೊಂಟದ ಮಟ್ಟಕ್ಕೆ ಬಂದಿದೆ. ಎದೆಯ ಮಟ್ಟ ಇದ್ದಾಗ ನೀರೇ ಅವಳನ್ನು ಎತ್ತಿ ಹಿಡಿಯುತ್ತಿತ್ತು. ಈಗ ಭಾರ ಕಾಲಿನ ಮೇಲೆ ಬೀಳುತ್ತದೆ, ಕಾಲುಗಳು ಮಡಚಿಕೊಳ್ಳುತ್ತವೆ. ದಿನವೂ ಹಿತ್ತಲಿನ ಬಾಗಿಲವರೆಗೆ ತೆವಳಿಕೊಂಡು ಬಂದು, "ಅಜ್ಜೀ, ಇವತ್ತು ನೀರು ನನಗ ಎಲ್ಲಿಗೈತಿ?" ಎಂದು ಕೇಳುತ್ತಾಳೆ. ಅವ್ವ ಬರುವಷ್ಟರಲ್ಲಿ ನಿಂತು ತೋರಿಸಬೇಕಂತೆ. ನಾನು ಸುಮ್ಮನೆ ಇನ್ನೂ ಅಷ್ಟ ಐತಿ ಎನ್ನುತ್ತೇನೆ.

ಚಿಕ್ಕವರಿದ್ದಾಗ ಮಾಗಳದ ಹೊಳೆಯಲ್ಲಿ ನೀನು ಮುಳುಗಿ, ಬೇಕೆಂದೇ ಮೇಲೆ ಏಳದೆ ನನ್ನ ಜೀವ ತಿನ್ನುತ್ತಿದ್ದೆ. ಎದ್ದ ಮೇಲೆ ನಾನು ಕಿವಿ ಹಿಂಡಿ ದಡಕ್ಕೆ ಎಳೆದು ತರುತ್ತಿದ್ದೆ. ಯಾಕೋ ಅದೇ ನೆನಪು ಬರುತ್ತಿದೆ.

ಬರುವುದಿಲ್ಲ ಎಂದೆ, ಸರಿ. ತಳದ ತೂತು ನೀರಿನೊಳಗೆ ಕಣ್ಣಿಗೆ ಬೀಳುವುದಿಲ್ಲ. ನೀರು ಚೆಲ್ಲದೆ ಅದನ್ನು ಹುಡುಕುವುದು ಹೇಗೆ ಎಂದಾದರೂ ಬರೆ.

ಅಂಜಿನಕ್ಕ


ಕೂಡ್ಲಿಗಿ
೨-೧೧-೨೦೦೩

ಅಕ್ಕ,

ಬರೆಯಬಾರದು ಎಂದುಕೊಂಡಿದ್ದೆ. ದೀಪಾವಳಿಗೆ ಅಂಗಡಿ ಮುಚ್ಚಿದ್ದೆ. ಕೈಗೆ ಕೆಲಸವಿಲ್ಲದಿದ್ದರೆ ತಲೆ ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಬೋರಿನ ನೀರು ಬಿಡುವುದನ್ನು ಒಂದೆರಡು ದಿನ ನಿಲ್ಲಿಸಿ ನೋಡು. ಇಳಿಯುತ್ತಾ ಒಂದು ಮಟ್ಟಕ್ಕೆ ಬಂದು ನೀರು ನಿಂತರೆ ತೂತು ಗೋಡೆಯಲ್ಲಿ, ಆ ಮಟ್ಟದಲ್ಲೇ ಇದೆ. ನಿಲ್ಲದಿದ್ದರೆ ತಳದಲ್ಲಿದೆ. ನಿಮ್ಮ ಬಳೆಯ ಮಾತು ಕೇಳಿದರೆ ತಳದಲ್ಲೇ ಇರಬೇಕು.

ಗಾಳಿ ಇಲ್ಲದ ಹೊತ್ತು ನೋಡಿ ನೀನೊಬ್ಬಳೇ ಮೆಲ್ಲಗೆ ಇಳಿ. ಅಸ್ತರು ನೀಲಿ, ಆದ್ದರಿಂದ ಕೆಂಪು ಬಣ್ಣ ಬೇಕು. ಕುಂಕುಮ ಕದಡಿದ ನೀರು ಸಾಕು. ಪೆನ್ನಿಗೆ ಇಂಕು ತುಂಬುವ ಫಿಲ್ಲರಿನಿಂದ ಅದನ್ನು ತಳದ ಹತ್ತಿರ ಹನಿಹನಿಯಾಗಿ ಬಿಡುತ್ತಾ ಹೋಗು. ತೂತಿಲ್ಲದ ಕಡೆ ಬಣ್ಣ ಹೊಗೆಯ ಹಾಗೆ ಹರಡಿ ನಿಲ್ಲುತ್ತದೆ. ತೂತಿದ್ದ ಕಡೆ ದಾರದ ಹಾಗೆ ಎಳೆದುಕೊಂಡು ಒಳಗೆ ಹೋಗುತ್ತದೆ. ಅಲ್ಲೊಂದು ನುಣುಪಾದ ಕಲ್ಲು ಗುರುತಿಗೆ ಇಡು. ಗಾಜಿನ ಚೂರುಗಳನ್ನು ಕಾಲಿನಿಂದ ಹುಡುಕಬೇಡ, ದಪ್ಪ ಬಟ್ಟೆ ಸವರಿ ತೆಗೆ.

ನೀರು ಮಾತ್ರ ಖಾಲಿ ಮಾಡಿಸಬೇಡ. ಬೇಸಿಗೆಯಲ್ಲಿ ಒಮ್ಮೆ ಒಣಗಿಸಿದ್ದೇ ತಪ್ಪು. ಹಳೆಯ ಪ್ಲಾಸ್ಟಿಕ್ಕು ಇನ್ನೊಮ್ಮೆ ಒಣಗಿದರೆ ಮುದುಡಿಕೊಂಡು ಮತ್ತೆ ಜಾಗಕ್ಕೆ ಕೂರುವುದಿಲ್ಲ.

ತೂತು ಸಿಕ್ಕ ಮೇಲೆ ತೇಪೆ ಯಾರು ಹಾಕುತ್ತಾರೆ ಎಂದು ಕೇಳಬೇಡ.

ಮನೆಯಲ್ಲಿ ರೋಜಾ ನಡೆಯಲು ಕಾಲಿಗೆ ಕಟ್ಟಿಕೊಳ್ಳುತ್ತಿದ್ದ ಕಬ್ಬಿಣದ ಕ್ಯಾಲಿಪರು ಮೊಳೆಗೆ ತೂಗುಬಿದ್ದಿದೆ. ಪಕ್ಕೀರಮ್ಮ ಆಗಾಗ ಅದರ ಕೀಲಿಗೆ ಕೊಬ್ಬರಿ ಎಣ್ಣೆ ಹಾಕುತ್ತಾಳೆ, ತುಕ್ಕು ಹಿಡಿಯಬಾರದಂತೆ. ಯಾಕೆ ಎಂದು ನಾನು ಕೇಳುವುದಿಲ್ಲ. ಅವಳೂ ನನ್ನನ್ನು ಏನೂ ಕೇಳುವುದಿಲ್ಲ, ಒಂದನ್ನು ಬಿಟ್ಟು. ಉಣ್ಣುತ್ತಾ ಕೂತಿರುತ್ತೇವೆ, ಇದ್ದಕ್ಕಿದ್ದ ಹಾಗೆ, "ನೀರು ಭಾಳ ತಣ್ಣಗಿತ್ತೇನು? ಆಕಿ ನಡುಗಿದ್ಲೇನು?" ಎನ್ನುತ್ತಾಳೆ. ನನಗೆ ಏನು ಗೊತ್ತು? ತಟ್ಟೆ ಬಿಟ್ಟು ಎದ್ದು ಹೋಗುತ್ತೇನೆ.

ನೀನು ಅಲ್ಲಿದ್ದವಳು. ಆ ದಿನ ನೀರು ಹೇಗಿತ್ತು? ಅದೊಂದನ್ನು ಬರೆ.

ಕರಿಸಿದ್ದಪ್ಪ


ಹರಪನಹಳ್ಳಿ
೧೬-೧೧-೨೦೦೩

ತಮ್ಮ,

ನೀನು ಹೇಳಿದ ಹಾಗೆಯೇ ಮಾಡಿದೆ. ಗಂಗಮ್ಮನ ಪೂಜೆಯಲ್ಲಿ ಉಳಿದಿದ್ದ ಕುಂಕುಮವನ್ನೇ ಕದಡಿಕೊಂಡೆ. ಸೀರೆ ಕಚ್ಚೆ ಹಾಕಿ ಇಳಿದು, ಬಗ್ಗಿ ಬಗ್ಗಿ ಹನಿ ಬಿಡುತ್ತಾ ತಳವೆಲ್ಲ ಸುತ್ತಿದೆ. ಸುಜಾತಾ ಬೆಂಚಿನ ಮೇಲೆ ಕೂತು ಉಳಿದ ಮಕ್ಕಳಿಗೆ, "ಸುಮ್ಕಿರ್ರಲೇ, ಅಜ್ಜಿ ಗಂಗಮ್ಮನ ಹಣಿ ಹುಡುಕಾಕತ್ಯಾಳ" ಎನ್ನುತ್ತಿದ್ದಳು. ನಗು ಬಂತು. ನಕ್ಕು ಬಹಳ ದಿನವಾಗಿತ್ತು.

ಮೂರು ಕಡೆ ಬಣ್ಣ ದಾರವಾಗಿ ಒಳಗೆ ಹೋಯಿತು. ಒಂದು ಏಣಿಯ ಬುಡದಲ್ಲಿ. ಒಂದು ಪಡುವಣ ಗೋಡೆಗೆ ಹತ್ತಿರ. ಇನ್ನೊಂದು ನಟ್ಟನಡುವೆ, ಗೋಡೆ ಬಿಟ್ಟ ಮಕ್ಕಳು ಬಂದು ನಿಲ್ಲುವ ಜಾಗದಲ್ಲಿ. ಎಳೆ ಎಳೆಯಾಗಿ ಕೆಂಪು ಒಳಗೆ ಇಳಿಯುವುದನ್ನು ನೋಡುತ್ತಾ ಅಲ್ಲೇ ನಿಂತುಬಿಟ್ಟೆ. ಹರಿವು ಕಡಿಮೆಯಾಗಲಿ ಎಂದು ಸದ್ಯಕ್ಕೆ ಮೂರರ ಮೇಲೂ ಟ್ಯೂಬಿನ ತುಂಡು ಹಾಸಿ ಕಲ್ಲು ಹೇರಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರ ಇದೆ. ಬರೆಯುವುದಿಲ್ಲ. ತಣ್ಣಗಿತ್ತು ಎಂದು ಬರೆದರೆ ನಂಬುತ್ತೀಯ. ತಣ್ಣಗಿರಲಿಲ್ಲ ಎಂದು ಬರೆದರೆ ತಪ್ಪು ಮುಚ್ಚಿಕೊಳ್ಳುತ್ತಿದ್ದಾಳೆ ಎನ್ನುತ್ತೀಯ. ಹೀಗಿರುವಾಗ ನಾನು ಬರೆದು ಏನು ಪ್ರಯೋಜನ? ಅದೇ ತಿಂಗಳು ಬರುತ್ತಿದೆ, ಅದೇ ಚಳಿ. ನೀರು ಇಲ್ಲೇ ಇದೆ. ಪಕ್ಕೀರಮ್ಮನಿಗೆ ಹೇಳಬೇಕಾದದ್ದನ್ನು ನೀನೇ ಬಂದು ಮುಟ್ಟಿ ನೋಡಿ ಹೇಳು.

ಅಂಜಿನಕ್ಕ


ಹರಪನಹಳ್ಳಿ
೨೭-೧೧-೨೦೦೩

ತಮ್ಮ,

ಉತ್ತರ ಬರಲಿಲ್ಲ. ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಪೋಸ್ಟಿನವರು ಓದಿದರೆ ಓದಲಿ. ಪಡುವಣ ಕಡೆಯ ನೆಲ ನೆನೆದು ಮೆತ್ತಗಾಗಿ ತಗಡಿನ ಗೋಡೆ ಹೊರಕ್ಕೆ ವಾಲಿದೆ. ಮಕ್ಕಳನ್ನು ಇಳಿಸುವುದನ್ನು ನಿಲ್ಲಿಸಿದ್ದೇವೆ. ನಾಗೇಂದ್ರಪ್ಪನವರು ಗುಜರಿಯವನನ್ನು ಕರೆತಂದು ತೋರಿಸಿದರು. ಅವನು ತಗಡು ಬಡಿದು ನೋಡಿ, ಬರುವ ತಿಂಗಳ ಕೊನೆಗೆ ಗಾಡಿ ತರುತ್ತೇನೆ ಎಂದು ಹೋದ. ಸುಜಾತಾ ಈಗ ನೀರು ಎಲ್ಲಿಗೈತಿ ಎಂದು ಕೇಳುತ್ತಿಲ್ಲ.

ಛಟ್ಟಿ ಅಮಾವಾಸ್ಯೆ ಕಳೆಯಿತು. ಒಗ್ಗರಣೆ ಮಂಡಕ್ಕಿ ಮಾಡಿ ನಮ್ಮ ಮಗುವಿಗೆ ಎಡೆ ಇಟ್ಟೆ. ಅವಳಿಗೆ ಮೆಣಸಿನಕಾಯಿ ಕಡಿಮೆ ಇರಬೇಕಿತ್ತು, ಹಾಗೆಯೇ ಮಾಡಿದೆ.

ಅಂಜಿನಕ್ಕ


ಕೂಡ್ಲಿಗಿ
೪-೧೨-೨೦೦೩

ಅಕ್ಕ,

ಬರುತ್ತೇನೆ. ಯಾವ ದಿನ ಎಂದು ಹೇಳುವುದಿಲ್ಲ. ಹೇಳಿದರೆ ಆ ದಿನ ನೀನು ಹಂಡೆಗಟ್ಟಲೆ ನೀರು ಕಾಯಿಸಿ ಹಾಕುತ್ತೀಯ ಎಂದಲ್ಲ. ನೀನು ಹಾಕದಿದ್ದರೂ ಹಾಕಿದ್ದಾಳೆ ಎಂದು ನನ್ನ ಮನಸ್ಸು ಹೇಳುತ್ತದೆ. ಮಕ್ಕಳನ್ನು ಇಳಿಸುವ ದಿನಗಳಲ್ಲಿ ಏನೇನು ಮಾಡುತ್ತಿದ್ದೆಯೋ ಅದನ್ನೇ ದಿನವೂ ಮಾಡುತ್ತಿರು, ಹೆಚ್ಚೂ ಬೇಡ ಕಡಿಮೆಯೂ ಬೇಡ. ರೋಜಾಳನ್ನು ಇಳಿಸಿದ ಹೊತ್ತಿಗೇ ಬರುತ್ತೇನೆ, ಮಧ್ಯಾಹ್ನದ ಊಟವಾದ ಮೇಲೆ.

ವಾಲಿದ ಗೋಡೆಗೆ ಹೊರಗಿನಿಂದ ಮರಳಿನ ಮೂಟೆ ಒತ್ತಿ ಇಡಿಸು. ತೊಟ್ಟಿ ಬಂದಾಗ ಜೊತೆಗೆ ನೀಲಿ ಪ್ಲಾಸ್ಟಿಕ್ಕಿನ ತುಂಡೇನಾದರೂ ಬಂದಿದ್ದರೆ ಹುಡುಕಿ ತೆಗೆದಿಡು. ರುಬ್ಬುವ ಗುಂಡನ್ನು ಹಳೆಯ ಸೀರೆಯಲ್ಲಿ ಸುತ್ತಿ ಇಡು, ತೂಕಕ್ಕೆ ಬೇಕು.

ಪಕ್ಕೀರಮ್ಮನಿಗೆ ಹೇಳಿದೆ. ಅಂಟಿನ ಡಬ್ಬಿಯನ್ನು ಅಂಗಡಿಯಿಂದ ತಂದು ನನ್ನ ಚೀಲದ ಪಕ್ಕ ಇಟ್ಟಳು.

ಕರಿಸಿದ್ದಪ್ಪ


ಹರಪನಹಳ್ಳಿ
೧೪-೧೨-೨೦೦೩

ತಮ್ಮ,

ಮಾತಾಡದೆ ಬಂದೆ, ಊಟ ಮಾಡದೆ ಹೋದೆ. ಆ ನಡುವೆ ನಾನು ಕಂಡದ್ದನ್ನು ಬರೆಯುತ್ತೇನೆ. ನಿನಗೆ ಗೊತ್ತಿರುವುದೇ. ಆದರೂ ಯಾರಿಗಾದರೂ ಹೇಳದಿದ್ದರೆ ನನಗೆ ನಿದ್ದೆ ಬರುವ ಹಾಗೆ ಕಾಣುವುದಿಲ್ಲ.

ನಾನು ಅಡುಗೆ ಮನೆಯ ಹೊಸಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದೆ. ಗೇಟು ದಾಟಿ ನೀನು ನೇರವಾಗಿ ಹಿತ್ತಲಿಗೆ ಹೋದೆ. ಬಗಲಲ್ಲಿ ಚೀಲ. ಬಹಳ ಸೊರಗಿದ್ದೀಯ. ತೊಟ್ಟಿಯ ನೀರಿನ ಮೇಲೆ ಕರಿ ಪ್ಲಾಸ್ಟಿಕ್ ಹಾಳೆ ಹಾಸಿತ್ತು. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಹಾಸಿ, ಮಕ್ಕಳನ್ನು ಇಳಿಸುವ ಹೊತ್ತಿಗೆ ತೆಗೆಯುವುದು ನನ್ನ ರೂಢಿ. ನೀನು ಅದನ್ನು ಎಳೆದು ಮಡಚುವಾಗ ನಡುವೆ ನಿಂತೆ. ಹಾಳೆಗಳನ್ನು ಕೂಡಿಸಿದ ಜೋಡಿನ ಮೇಲೆ ಬೆರಳು ಆಡಿಸಿದೆ, ಇನ್ನೊಮ್ಮೆ ಆಡಿಸಿದೆ. ನನ್ನ ಕಡೆ ತಿರುಗುತ್ತೀಯ ಎಂದುಕೊಂಡೆ. ತಿರುಗಲಿಲ್ಲ. ನಾನೂ ಹತ್ತಿರ ಬರಲಿಲ್ಲ.

ಅಂಗಿ ಬಿಚ್ಚಿಟ್ಟು ಏಣಿ ಹತ್ತಿ ಇಳಿದೆ. ಇಳಿದವನು ಕೆಲಸಕ್ಕೆ ಕೈ ಹಾಕಲಿಲ್ಲ. ಎರಡೂ ಕೈ ನೀರಿನೊಳಗೆ ಬಿಟ್ಟು, ನಟ್ಟನಡುವೆ ಸುಮ್ಮನೆ ನಿಂತೆ. ನಾನು ಮೊರದಲ್ಲಿ ಕಲ್ಲು ಹುಡುಕುವುದನ್ನು ಬಿಟ್ಟು ನಿನ್ನ ಬೆನ್ನನ್ನೇ ನೋಡುತ್ತಿದ್ದೆ.

ಆಮೇಲೆ ಕೆಲಸ ಶುರು ಮಾಡಿದೆ. ನೀಲಿ ತುಂಡನ್ನು ದುಂಡಗೆ ಕತ್ತರಿಸಿ, ಒಂದು ಮಗ್ಗುಲಿಗೆ ಅಂಟು ಬಳಿದು, ಅಂಟು ಒಳಗಾಗುವ ಹಾಗೆ ಹೋಳಿಗೆ ಮಡಚಿದಂತೆ ಮಡಚಿ, ಹಿಡಿದುಕೊಂಡು ಮುಳುಗುತ್ತಿದ್ದೆ. ತಳದಲ್ಲಿ ಕೂತು ಬಿಚ್ಚಿ, ತೂತಿನ ಮೇಲೆ ಇಟ್ಟು, ನಡುವಿನಿಂದ ಅಂಚಿಗೆ ಅಂಗೈ ಒತ್ತುತ್ತಿದ್ದೆ. ನೀರು ತಿಳಿಯಾಗಿದ್ದರಿಂದ ಎಲ್ಲ ಕಾಣುತ್ತಿತ್ತು. ನಟ್ಟನಡುವಿನ ತೂತಿಗೆ ಬಹಳ ಹೊತ್ತು ಹಿಡಿಯಿತು. ಮೊರ ಕೆಳಗಿಟ್ಟು ನಾನು ಎದ್ದೇ ನಿಂತೆ. ನೀನು ತಲೆ ಎತ್ತಿದಾಗ ಸುಜಾತಾ ಬೆಂಚಿನಿಂದ ಹೇಳಿದ್ದು ನಿನಗೆ ನೆನಪಿರಬೇಕು.

"ಯಪ್ಪಾ, ಎಷ್ಟೊತ್ತು ಮುಳುಗ್ತೀಯಪ್ಪ! ನಾವು ಹಂಗ ಮಾಡಿದ್ರ ಅಜ್ಜಿ ಕಿವಿ ಹಿಂಡ್ತಾಳ."

"ನಾನೂ ಆಕಿ ಕೈಯಾಗ ಕಿವಿ ಹಿಂಡಿಸಿಕೊಂಡಾವನ" ಎಂದೆ ನೀನು.

ಒಂದು ವರ್ಷದ ಮೇಲೆ ನಿನ್ನ ಬಾಯಿಂದ ನನ್ನ ಮಾತು ಬಂದದ್ದು ಅದೊಂದೇ. ಅದೂ ಆ ಮಗುವಿಗೆ. ನಾನು ಒಳಗೆ ಹೋಗಿ ಒಲೆ ಊದುತ್ತಾ ಕೂತೆ.

ನೀನು ತೇಪೆಗಳ ಮೇಲೆ ಹೇರಿದ್ದ ರುಬ್ಬುವ ಗುಂಡು, ಕಲ್ಲುಗಳನ್ನು ಮಾರನೆಯ ದಿನ ಸಂಜೆ ತೆಗೆದೆ. ತೇಪೆಯ ಅಂಚು ಒಂದೂ ಎದ್ದಿಲ್ಲ. ಗೋಡೆಗೆ ಸುಣ್ಣದಲ್ಲಿ ಗೆರೆ ಎಳೆದಿದ್ದೆ, ನೀರು ಗೆರೆ ಬಿಟ್ಟು ಇಳಿದಿಲ್ಲ. ನಾಗೇಂದ್ರಪ್ಪನವರು ಬಂದು ಗೆರೆ ನೋಡಿ, ವಾಲಿದ ಗೋಡೆಗೆ ಕೈ ಕೊಟ್ಟು ನೋಡಿ, "ಇರ್ಲಿ ಬಿಡ್ರೀ, ಗಾಡಿ ಬ್ಯಾಡಂತ ಹೇಳ್ತೀನಿ" ಎಂದರು. ಬೋರಿನಿಂದ ದಿನಾ ಸ್ವಲ್ಪ ಸ್ವಲ್ಪ ಏರಿಸುತ್ತಿದ್ದೇವೆ. ಸುಜಾತಾಳ ಎದೆಯ ಮಟ್ಟಕ್ಕೆ ಬಂದ ದಿನ ಇಳಿಸುತ್ತೇನೆ.

ನನಗೆ ಹೇಳಬೇಕಾದದ್ದು ಏನಾದರೂ ಇದ್ದರೆ ಬರೆ. ಇಲ್ಲದಿದ್ದರೆ ಬೇಡ. ನಾನಾಗಿ ಕೇಳುವುದಿಲ್ಲ.

ಅಂಜಿನಕ್ಕ


ಕೂಡ್ಲಿಗಿ
೨೮-೧೨-೨೦೦೩

ಅಕ್ಕ,

ಮೊದಲು ತೇಪೆಯ ಮಾತು. ದುಂಡಗೆ ಕತ್ತರಿಸಿದ್ದು ಯಾಕೆಂದರೆ ಮೂಲೆ ಇದ್ದರೆ ಮೂಲೆಯಿಂದ ಏಳುತ್ತದೆ. ಇನ್ನು ಅದನ್ನು ಉಗುರಿನಿಂದ ಕೆದಕಿ ನೋಡಬೇಡಿ. ಬೇಸಿಗೆಯಲ್ಲಿ ಪೂರ್ತಿ ಖಾಲಿ ಮಾಡಬೇಡಿ, ಮೊಣಕಾಲು ಮಟ್ಟವಾದರೂ ನೀರು ಇರಲಿ. ಮಕ್ಕಳನ್ನು ಕ್ಯಾಲಿಪರು ಬಿಚ್ಚಿಯೇ ಇಳಿಸಿ. ಮುಂದಿನ ಸಲ ಗಂಗಮ್ಮನಿಗೆ ಉಡಿ ತುಂಬುವಾಗ ಬಳೆಗಳನ್ನು ನೀರಿಗೆ ಬಿಡಬೇಡಿ. ಏಣಿಯ ಕಂಬಿಗೆ ತೊಡಿಸಿ. ಅದನ್ನೂ ಅವಳ ಕೈ ಎಂದುಕೊಂಡರಾಯಿತು.

ಆ ಕರಿ ಹಾಳೆಯ ಜೋಡು ನನ್ನದು. ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸುವಾಗ ನಾನು ಅಂಚನ್ನು ಎರಡು ಸಲ ಮಡಚುತ್ತೇನೆ, ಈ ಕಡೆ ಬೇರೆ ಯಾರೂ ಮಡಚುವುದಿಲ್ಲ. ಹೋದ ವರ್ಷ, ಚಳಿ ಬೀಳುವ ಮುಂಚೆ, ಅಗಲವಾದ ಕರಿ ಹಾಳೆ ಜೋಡಿಸಿ ಕೊಡು ಎಂದು ನೀನು ಹೇಳಿ ಕಳಿಸಿದ್ದೆ. ಸೌದೆ ಮುಚ್ಚುವುದಕ್ಕೆ ಇರಬೇಕು ಎಂದುಕೊಂಡು ಜೋಡಿಸಿ ಬಸ್ಸಿನಲ್ಲಿ ಹಾಕಿ ಕಳಿಸಿದೆ. ಅದು ಬಿಸಿಲು ಹೀರಿ ರೋಜಾಳ ನೀರು ಕಾಯಿಸುವುದಕ್ಕೆ ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಳದಲ್ಲಿ ನಾನು ಆ ಮಾತು ಅಂದಾಗಲಾದರೂ ಹೇಳಬಹುದಿತ್ತು. ಹೇಳಿದ್ದರೂ ನಂಬುತ್ತಿರಲಿಲ್ಲ, ಅದು ನಿಜ.

ಅಂಗಿ ಬಿಚ್ಚಿದಾಗ ಗಾಳಿಗೆ ಮೈ ಜುಮ್ಮೆಂದಿತು. ನೀರು ತಣ್ಣಗಿರಲಿಲ್ಲ. ಮೇಲೆ ಮಾತ್ರ ಹಾಗಿರಬಹುದು ಎಂದು ನಡುವೆ ಹೋಗಿ ನಿಂತೆ. ಕಾಲಿನ ಹತ್ತಿರವೂ ತಣ್ಣಗಿರಲಿಲ್ಲ. ಮುಳುಗಿ ತಳದಲ್ಲಿ ಕೂತೆ. ಅಲ್ಲೂ ಇರಲಿಲ್ಲ.

ಒಂದು ವರ್ಷ ನಾನು ಆ ತಣ್ಣೀರನ್ನು ಹಿಡಿದುಕೊಂಡು ಇದ್ದೆ, ಅಕ್ಕ. ಬೆಳಿಗ್ಗೆ ಏಳುವುದಕ್ಕೆ, ಅಂಗಡಿ ಬಾಗಿಲು ತೆಗೆಯುವುದಕ್ಕೆ ಅದೊಂದು ಇತ್ತು. ಈಗ ಅದೂ ಇಲ್ಲ. ನಿನ್ನ ಕೈಯ ರೊಟ್ಟಿ ಮುಟ್ಟದೆ ಹೋದದ್ದು ಸಿಟ್ಟಿನಿಂದಲ್ಲ. ಬಾಯಿ ತೆರೆದರೆ ಏನು ಬರುತ್ತದೆಯೋ ಎಂದು ಹೆದರಿ ಹೋದೆ. ಕೊಟ್ಟೂರು ದಾಟುವವರೆಗೂ ಬಸ್ಸಿನಲ್ಲಿ ಮುಖಕ್ಕೆ ಟವೆಲು ಹಾಕಿಕೊಂಡು ಕೂತಿದ್ದೆ. ಪಕ್ಕದವನು ನನಗೆ ಚಳಿ ಎಂದುಕೊಂಡು ಕಿಟಕಿ ಮುಚ್ಚಿದ.

ನಟ್ಟನಡುವಿನ ತೂತಿನ ಪಕ್ಕ, ಅಸ್ತರು ಮಡಚಿಕೊಂಡ ಕಡೆ, ಒಂದು ಬಳೆ ಒಡೆಯದೆ ಉಳಿದಿತ್ತು. ನಿನ್ನ ಬಟ್ಟೆಗೆ ಸಿಕ್ಕಿಲ್ಲ. ಅಳತೆ ಸಣ್ಣದು. ಯಾರ ಹೆಸರಿನಲ್ಲಿ ಬಿಟ್ಟೆ ಎಂದು ನೀನು ಬರೆದಿರಲಿಲ್ಲ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಂದೆ.

ಕರಿ ಹಾಳೆ ಒಂದು ಕಡೆ ಜೋಡು ಬಿಟ್ಟಿದೆ. ಹೊಸದು ಜೋಡಿಸುತ್ತಿದ್ದೇನೆ, ಈ ಸಲ ಇನ್ನೂ ದಪ್ಪದ್ದು. ಸಂಕ್ರಾಂತಿಯ ಒಳಗೆ ಬಸ್ಸಿನಲ್ಲಿ ಕಳಿಸುತ್ತೇನೆ, ಇಲ್ಲವೇ ತರುತ್ತೇನೆ.

ಮನೆಗೆ ಬಂದ ದಿನ ಬಳೆಯನ್ನು ಪಕ್ಕೀರಮ್ಮನ ಕೈಗೆ ಕೊಟ್ಟೆ. ಎಲ್ಲಿಯದು ಎಂದು ಅವಳು ಕೇಳಲಿಲ್ಲ. ಬೆರಳಿನಲ್ಲಿ ಒಂದು ಸುತ್ತು ತಿರುಗಿಸಿದಳು. ಆಮೇಲೆ, ನೀರು ಹೇಗಿತ್ತು ಎಂದು ಕೇಳಿದಳು.

"ಬೆಚ್ಚಗಿತ್ತು" ಎಂದೆ.

ಅವಳು ಎದ್ದು ಹೋಗಿ ಮೊಳೆಯಿಂದ ಕ್ಯಾಲಿಪರು ಇಳಿಸಿ, ಸೆರಗಿನಿಂದ ಅದರ ಎಣ್ಣೆ ಒರೆಸಿ, ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಕಡೆ ನೋಡದೆಯೇ ಹೇಳಿದಳು.

"ಹಂಗಾದ್ರ ಆಕಿ ನಡುಗಿಲ್ಲ."

ನಿನ್ನ ತಮ್ಮ,
ಸಿದ್ದ